ನೋಟ ಹುಟ್ಟುವ ಅಚ್ಚು

ಯಾದಗಿರಿ, ಶಹಾಪುರ, ಸುರಪುರ ಈ ಮೂರರಲ್ಲಿ ಯಾವ ಊರಿನ ಬಜಾರಕ್ಕೆ ಹೋದರೂ ಚಸ್ಮಾ ಅಂಗಡಿಯ ಮಾತು ಒಂದೇ ಧಾಟಿಯದು. ನಂಬರ್ ಬರೆದ ಚೀಟಿ ಕೈಗೆ ಬಂದ ಕೂಡಲೇ ಅಂಗಡಿಯವರು ಕೇಳುತ್ತಾರೆ: “ಕಾಕಾ, ಕಾಜಿಂದು ಹಾಕ್ಲೋ, ಫೈಬರಿಂದು ಹಾಕ್ಲೋ?”

“ಯಾವ್ದು ಚಲೋ ಅದರಿ?”

“ಫೈಬರ್ ಹಗುರ ಇರ್ತದರಿ. ಕೈತಪ್ಪಿ ಬಿದ್ರೂ ಲಗೂನ ಒಡ್ಯಂಗಿಲ್ಲ.”

“ಅಂದ್ರ ಅದು ಪ್ಲಾಸ್ಟಿಕ್ಕೇ ಅಲ್ಲೇನು?”

ಈ ಕೊನೆಯ ಪ್ರಶ್ನೆಯಲ್ಲಿ ಹಳೆಯ ಅನುಮಾನವೊಂದಿದೆ. ಕೊಡ, ಬಕೆಟ್, ಕುರ್ಚಿ, ಸಂತೆಯಲ್ಲಿ ಸಿಗುವ ಆಟಿಕೆ ಎಲ್ಲವೂ ಪ್ಲಾಸ್ಟಿಕ್ಕೇ. ಇವತ್ತು ಕೊಂಡರೆ ನಾಳೆ ಸೀಳು ಬಿಡುವ ಸಾಮಾನು ಎಂಬ ಹೆಸರು ಅದಕ್ಕೆ ಬಂದುಬಿಟ್ಟಿದೆ. ಅಂಥದ್ದನ್ನು ಕಣ್ಣಿನ ಮುಂದೆ ಕಟ್ಟಿಕೊಳ್ಳುವುದು ಹೇಗೆ ಎಂದು ಹಿರಿಯರು ಹಿಂಜರಿದರೆ ತಪ್ಪೇನೂ ಇಲ್ಲ. ಆದರೆ ಬಕೆಟ್ಟಿಗೂ ಮಸೂರಕ್ಕೂ ಇರುವ ಅಂತರ ಬರೀ ವಸ್ತುವಿನಲ್ಲಿಲ್ಲ, ಅದು ಅಚ್ಚಿನಲ್ಲಿದೆ. ಮಸೂರದ ಅಚ್ಚು ಮಾಡುವ ಕೆಲಸ ಇವತ್ತಿನ ಕಾರ್ಖಾನೆಗಳ ಅತ್ಯಂತ ಸೂಕ್ಷ್ಮ ಕಸುಬುಗಳಲ್ಲಿ ಒಂದು. ಅದನ್ನು ಅರಿತರೆ ಚಸ್ಮಾದ ಮೇಲಿನ ಅನುಮಾನ ಹೋಗುತ್ತದೆ. ಜೊತೆಗೆ, ನಮ್ಮ ಭಾಗದ ಮಕ್ಕಳು ಕಲಿಯಬಹುದಾದ ವಿದ್ಯೆಯೊಂದರ ಪರಿಚಯವೂ ಆಗುತ್ತದೆ.

ಅಂಗಡಿಯವರು ಫೈಬರ್ ಎಂದು ಕರೆಯುವ ಮಸೂರ ಬಹುಪಾಲು ಸಿಆರ್-39 ಎಂಬ ರಾಳದ್ದು. ಅಮೆರಿಕದ ಪಿಪಿಜಿ ಕಂಪನಿಯ ಬಳಗದಲ್ಲಿ 1940ರ ಹೊತ್ತಿಗೆ ಇದು ರೂಪುಗೊಂಡಿತು. ಕೊಲಂಬಿಯಾ ರೆಸಿನ್ ಎಂಬ ಹೆಸರಿನಡಿ ನಡೆದ ಪ್ರಯೋಗಗಳಲ್ಲಿ 39ನೆಯದು ಎಂಬುದರಿಂದ ಈ ಹೆಸರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳ ಇಂಧನ ಟ್ಯಾಂಕುಗಳನ್ನು ಹಗುರ ಮಾಡಲು ಅದನ್ನು ಬಳಸಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಕ್ಯಾಲಿಫೋರ್ನಿಯಾದ ಆರ್ಮೊರ್‌ಲೈಟ್ ಕಂಪನಿ ಅದರಿಂದ ಚಸ್ಮಾದ ಮಸೂರ ತಯಾರಿಸಿತು. ಮಾಮೂಲಿ ಕಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸಿಆರ್-39 ನೀರಿಗಿಂತ 1.32 ಪಟ್ಟು ಮಾತ್ರ. ಅಂದರೆ ಮೂಗಿನ ಮೇಲಿನ ಹೊರೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಇನ್ನೆರಡು ವಸ್ತುಗಳನ್ನೂ ಇಲ್ಲೇ ನೆನಪಿಟ್ಟುಕೊಳ್ಳಬೇಕು. ಒಂದು, ಅಕ್ರಿಲಿಕ್, ರಸಾಯನಶಾಸ್ತ್ರದವರು ಪಿಎಂಎಂಎ ಎನ್ನುತ್ತಾರೆ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 92ರಷ್ಟನ್ನು ಅದು ಆಚೆ ದಾಟಿಸುತ್ತದೆ. ಇನ್ನೊಂದು ಪಾಲಿಕಾರ್ಬೊನೇಟ್. ಏಟು ತಡೆಯುವುದರಲ್ಲಿ ಅದನ್ನು ಮೀರಿಸುವ ಮಸೂರದ ವಸ್ತು ಅಪರೂಪ; ಮಕ್ಕಳ ಚಸ್ಮಾಕ್ಕೆ, ವೆಲ್ಡಿಂಗ್ ಮತ್ತು ಕಲ್ಲು ಒಡೆಯುವ ಕೆಲಸದವರ ರಕ್ಷಣಾ ಕನ್ನಡಕಕ್ಕೆ, ಕಾರಿನ ಹೆಡ್‌ಲೈಟಿಗೆ ಅದೇ ಬೇಕು.

ಮಸೂರವೆಂದರೆ ಏನು? ಬೆಳಕನ್ನು ಬಾಗಿಸುವ ಎರಡು ಮೇಲ್ಮೈಗಳು. ಆ ಮೇಲ್ಮೈಗಳ ಉಬ್ಬು ತಗ್ಗೇ ಚಸ್ಮಾದ ನಂಬರು. ಒಂದು ಲೆಕ್ಕ ನೋಡಿ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬಿದ, 60 ಮಿಲಿಮೀಟರ್ ಅಗಲದ ಸಿಆರ್-39 ಮಸೂರವನ್ನು ತೆಗೆದುಕೊಳ್ಳೋಣ. ನಂಬರು +2 ಆಗಿದ್ದರೆ ಅದರ ನಡುವಿನ ಉಬ್ಬು ಸುಮಾರು 1.8 ಮಿಲಿಮೀಟರ್. +2.25 ಆದರೆ 2 ಮಿಲಿಮೀಟರ್. ಕಾಲು ನಂಬರಿನ ವ್ಯತ್ಯಾಸಕ್ಕೆ ಉಬ್ಬಿನಲ್ಲಿ ಆಗುವ ಬದಲಾವಣೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಅಷ್ಟಕ್ಕೇ ದಿನಪತ್ರಿಕೆಯ ಅಕ್ಷರ ಮಸುಕಾಗಬಹುದು. ಇದು ಚಸ್ಮಾದ ಮಾತಾಯಿತು. ಮೊಬೈಲ್ ಕ್ಯಾಮೆರಾದ ಪುಟ್ಟ ಮಸೂರದ ಆಕಾರದಲ್ಲಿ ಮೈಕ್ರಾನಿನ ಒಂದು ಪಾಲಿನಷ್ಟು ತಪ್ಪಾದರೂ ಚಿತ್ರ ಕೆಡುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನ್. ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್.

ಅಚ್ಚಿನ ಕೆಲಸ ನಮ್ಮ ಮನೆಗಳಿಗೆ ಹೊಸದೇನಲ್ಲ. ಗೌರಿ ಹುಣ್ಣಿಮೆ ಬಂತೆಂದರೆ ಈ ಭಾಗದ ಹೆಣ್ಣುಮಕ್ಕಳು ಸಕ್ಕರಿ ಆರತಿಯ ಕಟ್ಟಿಗೆ ಅಚ್ಚುಗಳನ್ನು ಹೊರತೆಗೆಯುತ್ತಾರೆ. ನೀರಲ್ಲಿ ನೆನೆಸಿದ ಅಚ್ಚಿನ ಹೋಳುಗಳನ್ನು ಜೋಡಿಸಿ ಬಿಗಿದು ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ಆನೆ, ನವಿಲು, ತೇರು. ಪಾಕದ ಹದ ತಪ್ಪಿದರೆ ಗೊಂಬೆ ಬಿರಿಯುತ್ತದೆ. ಹೋಳು ಸರಿದು ಕೂತರೆ ನವಿಲಿನ ಎರಡು ಮಗ್ಗಲು ಒಂದಕ್ಕೊಂದು ಕೂಡುವುದಿಲ್ಲ. ಅವಸರ ಮಾಡಿ ಬಿಚ್ಚಿದರೆ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ಮಸೂರ ಮಾಡುವವರನ್ನು ಕಾಡುವ ತೊಂದರೆಗಳೂ ಇವೇ: ಹದ, ಜೋಡಣೆ, ಆರುವ ಹೊತ್ತು. ಅಳತೆ ಮಾತ್ರ ಸಾವಿರಾರು ಪಟ್ಟು ಬಿಗಿ.

ಸಿಆರ್-39 ಮಸೂರ ಮಾಡುವ ವಿಧಾನ ಎರಕದ್ದು. ನುಣುಪಾಗಿ ಉಜ್ಜಿದ ಎರಡು ಗಾಜಿನ ಬಿಲ್ಲೆಗಳ ನಡುವೆ ರಬ್ಬರಿನಂಥ ಬಳೆ ಕೂಡಿಸಿ, ಒಳಗೆ ದ್ರವರೂಪದ ರಾಳ ತುಂಬುತ್ತಾರೆ. ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡುವ ರಾಸಾಯನಿಕವನ್ನು ಅದರಲ್ಲಿ ಮೊದಲೇ ಬೆರೆಸಿರುತ್ತಾರೆ. ಆಮೇಲೆ ಒಲೆಯಲ್ಲಿ ಇಟ್ಟು, ಬಿಸಿಯನ್ನು ನಿಧಾನಕ್ಕೆ ಏರಿಸುತ್ತ ಹಲವು ಗಂಟೆ ಕಾಯಬೇಕು. ಇಲ್ಲಿ ದೊಡ್ಡ ತೊಡಕು ಕುಗ್ಗುವಿಕೆ. ದ್ರವವಾಗಿದ್ದ ರಾಳ ಗಟ್ಟಿಯಾಗುವಾಗ ಅದರ ಗಾತ್ರ ಶೇ 14ರಷ್ಟು ಇಳಿಯುತ್ತದೆ. ಬಿಲ್ಲೆಗಳ ನಡುವಿನ ಬಳೆ ಅದಕ್ಕೆ ತಕ್ಕಂತೆ ಬಗ್ಗದಿದ್ದರೆ ರಾಳ ಗಾಜನ್ನು ಬಿಟ್ಟು ಸರಿಯುತ್ತದೆ, ಮಸೂರದ ಮೈ ಹಾಳಾಗುತ್ತದೆ. ಅವಸರದಲ್ಲಿ ಬಿಸಿ ಏರಿಸಿದರೆ ಬಿರುಕು ಬೀಳುತ್ತದೆ. ನಿಧಾನವೇ ಇಲ್ಲಿ ಗುಣಮಟ್ಟ. ಹೀಗೆ ತಾಳ್ಮೆಯಿಂದ ಎರಕವಾದ ಮಸೂರದ ಒಳಗೆ ಬಿಗಿತ ತೀರಾ ಕಡಿಮೆ ಇರುತ್ತದೆ. ಅದರ ನೋಟ ತಿಳಿಯಾಗಿರುವುದಕ್ಕೆ ಇದೇ ಕಾರಣ.

ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟಿನ ದಾರಿ ಬೇರೆ. ಅವು ಕಾರ್ಖಾನೆಗೆ ಬರುವುದು ದಾನಾ ರೂಪದಲ್ಲಿ, ಜೋಳದ ಕಾಳಿನಷ್ಟು ಗಾತ್ರದ ಹರಳುಗಳಾಗಿ. ಪಾಲಿಕಾರ್ಬೊನೇಟ್ ದಾನಾವನ್ನು ಮೊದಲು 120 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ಕೆಲವು ಗಂಟೆ ಒಣಗಿಸಬೇಕು. ಒಳಗೆ ತೇವ ಉಳಿದರೆ ಮಸೂರದಲ್ಲಿ ಬೆಳ್ಳಿಗೆರೆ ಮೂಡುತ್ತವೆ. ಒಣಗಿದ ದಾನಾ ಯಂತ್ರದ ಬಿಸಿ ಕೊಳವೆಯೊಳಗೆ ಹೋಗಿ, 280ರಿಂದ 320 ಡಿಗ್ರಿಯಲ್ಲಿ ಕರಗಿ, ದೊಡ್ಡ ಸ್ಕ್ರೂ ಒಂದರ ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ನುಗ್ಗುತ್ತದೆ. ಬಕೆಟ್ ಮಾಡುವ ಇಂಜೆಕ್ಷನ್ ಮೌಲ್ಡಿಂಗ್ ಯಂತ್ರವೂ ಮೂಲದಲ್ಲಿ ಇದೇ. ಇಲ್ಲಿಂದಾಚೆಗೆ ದಾರಿಗಳು ಕವಲೊಡೆಯುತ್ತವೆ.

ಬಕೆಟ್ಟಿನ ಗೋಡೆ ಎಲ್ಲ ಕಡೆ ಒಂದೇ ದಪ್ಪ, ತೆಳು. ಮಸೂರ ಹಾಗಲ್ಲ. ನಡುವೆ ದಪ್ಪ, ಅಂಚಿಗೆ ತೆಳು, ಇಲ್ಲವೇ ಅದರ ತಿರುಗಾಮುರುಗಾ. ತೆಳುವಾದದ್ದು ಮೊದಲು ಆರುತ್ತದೆ, ದಪ್ಪನೆಯದು ತಡವಾಗಿ. ದಪ್ಪ ಎರಡು ಪಟ್ಟಾದರೆ ಆರುವ ಹೊತ್ತು ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಹೊರಮೈ ಗಟ್ಟಿಯಾದ ಮೇಲೂ ಒಳಗಿನ ತಿರುಳು ಕುಗ್ಗುತ್ತಲೇ ಇರುತ್ತದೆ; ಆ ಎಳೆತಕ್ಕೆ ಮೇಲ್ಮೈ ಒಳಕ್ಕೆ ಜಗ್ಗುತ್ತದೆ. ಬಕೆಟ್ಟಿನಲ್ಲಿ ಇಂಥ ತಗ್ಗು ಬಿದ್ದರೆ ಯಾರೂ ಕೇಳುವುದಿಲ್ಲ. ಮಸೂರದಲ್ಲಿ ಬಿದ್ದರೆ ಅದು ಗುಜರಿಗೆ. ಅದಕ್ಕೇ ಕರಗಿದ ಪ್ಲಾಸ್ಟಿಕ್ಕನ್ನು ತುಂಬಿದ ಮೇಲೂ ಒತ್ತಡ ಬಿಡದೆ ಹಿಡಿದಿರುತ್ತಾರೆ. ಅಚ್ಚನ್ನೂ ತಣ್ಣಗಿಡದೆ ಪಾಲಿಕಾರ್ಬೊನೇಟಿಗೆ ನೂರು ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಇಟ್ಟಿರುತ್ತಾರೆ. ಕೆಲವು ಕಡೆ ಅಚ್ಚನ್ನು ಮೊದಲು ಕೂದಲೆಳೆಯಷ್ಟು ತೆರೆದಿಟ್ಟು, ಪ್ಲಾಸ್ಟಿಕ್ ತುಂಬಿದ ಮೇಲೆ ಪೂರ್ತಿ ಒತ್ತಿ ಮುಚ್ಚುವ ಉಪಾಯವೂ ಇದೆ.

ಇಷ್ಟೆಲ್ಲ ಮಾಡಿದರೂ ಕುಗ್ಗುವಿಕೆಯನ್ನು ಪೂರ್ತಿ ತಪ್ಪಿಸಲಾಗುವುದಿಲ್ಲ. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಆರುವಾಗ ಅಳತೆಯಲ್ಲಿ ಶೇ 0.5ರ ಆಸುಪಾಸು ಕುಗ್ಗುತ್ತವೆ. ಹತ್ತು ಮಿಲಿಮೀಟರಿಗೆ ಇದು 50 ಮೈಕ್ರಾನ್. ಹಾಗಾಗಿ ಅಚ್ಚನ್ನು ಬೇಕಾದ ಮಸೂರದ ಅಳತೆಗೆ ಕೊರೆಯುವುದೇ ಇಲ್ಲ. ಕುಗ್ಗಿದ ಮೇಲೆ ಏನಾಗುತ್ತದೋ ಅದನ್ನು ಮೊದಲೇ ಲೆಕ್ಕ ಹಾಕಿ, ಅಚ್ಚನ್ನು ಬೇಕಂತಲೇ ಒಂದಿಷ್ಟು “ತಪ್ಪಾಗಿ” ಕೊರೆಯುತ್ತಾರೆ. ಮೊದಲ ಮಸೂರಗಳನ್ನು ತೆಗೆದು, ಅಳೆದು, ಎಲ್ಲಿ ಎಷ್ಟು ಬಿಟ್ಟುಹೋಗಿದೆ ಎಂದು ನೋಡಿ ಅಚ್ಚನ್ನು ಮತ್ತೆ ತಿದ್ದುತ್ತಾರೆ. ಒಂದು ಸುತ್ತಿಗೆ ಮುಗಿಯುವ ಕೆಲಸ ಇದಲ್ಲ.

ಅಚ್ಚು ಕೊರೆಯುವ ಯಂತ್ರದ ಬಗ್ಗೆ ಹೇಳಲೇಬೇಕು. ಮಸೂರದ ಮೈ ಮೂಡುವ ಭಾಗವನ್ನು ವಜ್ರದ ಉಳಿಯಿಂದ ಕಡೆಯುತ್ತಾರೆ. ಒಂದೇ ಹರಳಿನ ವಜ್ರ. ಅದರ ಅಂಚು ಅಷ್ಟು ಚೂಪು. ಆದರೆ ವಜ್ರಕ್ಕೆ ಉಕ್ಕು ಆಗಿಬರುವುದಿಲ್ಲ. ವಜ್ರವೆಂದರೆ ಶುದ್ಧ ಇಂಗಾಲ, ಉಕ್ಕಿನಲ್ಲಿರುವುದು ಕಬ್ಬಿಣ. ಕೊರೆಯುವಾಗಿನ ಬಿಸಿಗೆ ಇಂಗಾಲ ಕಬ್ಬಿಣದೊಳಗೆ ಸೇರಿಕೊಂಡು ವಜ್ರ ಬಲುಬೇಗ ಸವೆಯುತ್ತದೆ. ಲೋಕದ ಅತಿ ಗಟ್ಟಿ ವಸ್ತು ಮಾಮೂಲಿ ಉಕ್ಕಿನ ಮುಂದೆ ಸೋಲುತ್ತದೆ. ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ: ಉಕ್ಕಿನ ಅಚ್ಚಿಗೆ ರಂಜಕ ಬೆರೆತ ನಿಕ್ಕೆಲ್ ಲೇಪ ಕೊಟ್ಟು, ಆ ಲೇಪವನ್ನು ಮಾತ್ರ ವಜ್ರದಿಂದ ಕಡೆಯುವುದು.

ಹೀಗೆ ಕಡೆಯುವ ಲೇತ್ ಕೂಡ ಊರ ವರ್ಕ್‌ಶಾಪಿನ ಲೇತ್ ಅಲ್ಲ. ತಿರುಗುವ ಭಾಗ ಲೋಹದ ಮೇಲೆ ಲೋಹ ಉಜ್ಜದಂತೆ ಗಾಳಿಯ ತೆಳು ಪದರದ ಮೇಲೆ ತೇಲುತ್ತ ತಿರುಗುತ್ತದೆ. ಯಂತ್ರ ನಿಂತ ಬುನಾದಿ ಗ್ರಾನೈಟಿನಂಥ ಭಾರಿ ಕಲ್ಲಿನದು. ಹೊರಗಿನ ರಸ್ತೆಯಲ್ಲಿ ಲಾರಿ ಹೋದ ಅದುರು ಒಳಗೆ ತಲುಪಬಾರದು. ಕೋಣೆಯ ಉಷ್ಣಾಂಶ ಒಂದು ಡಿಗ್ರಿಯ ಸಣ್ಣ ಪಾಲಿನಷ್ಟೂ ಏರಿಳಿಯಬಾರದು. ಹೀಗೆ ಕಡೆದ ಮೈಯ ಒರಟುತನ ಹತ್ತು ನ್ಯಾನೊಮೀಟರಿಗಿಂತ ಕಡಿಮೆ. ಅಂದರೆ ಮೈಕ್ರಾನಿನ ನೂರನೇ ಒಂದು ಪಾಲಿಗಿಂತಲೂ ನುಣುಪು. ಹಸಿರು ಬೆಳಕಿನ ಅಲೆಯುದ್ದವೇ ಸುಮಾರು 550 ನ್ಯಾನೊಮೀಟರ್. ಬೆಳಕಿಗೇ ಗೊತ್ತಾಗದಷ್ಟು ನುಣುಪು ಬೇಕೆಂಬುದು ಇಲ್ಲಿಯ ನಿಯಮ.

ಇಷ್ಟು ಖರ್ಚು, ಇಷ್ಟು ಶ್ರಮ ಏಕೆ? ಕಾಜನ್ನೇ ಉಜ್ಜಿ ಮಸೂರ ಮಾಡಬಹುದಲ್ಲ?

ಮಾಡಬಹುದು, ನೂರಾರು ವರ್ಷ ಹಾಗೇ ಮಾಡಿದ್ದಾರೆ. ಆದರೆ ಎರಡು ಮೈಗಳನ್ನು ಪರಸ್ಪರ ಉಜ್ಜಿದರೆ ಸಹಜವಾಗಿ ಹುಟ್ಟುವುದು ಚೆಂಡಿನ ಮೈಯಂಥ ಗೋಳಾಕಾರ. ಗೋಳಾಕಾರದ ಮಸೂರದಲ್ಲಿ ಒಂದು ಕೊರತೆಯಿದೆ. ಅಂಚಿನಿಂದ ಬಂದ ಕಿರಣಗಳೂ ನಡುವಿನಿಂದ ಬಂದ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರುವುದಿಲ್ಲ, ಚಿತ್ರ ಮಸುಕಾಗುತ್ತದೆ. ಅದನ್ನು ಸರಿಪಡಿಸಲು ಒಂದರ ಹಿಂದೊಂದು ನಾಲ್ಕಾರು ಕಾಜಿನ ಮಸೂರ ಕೂಡಿಸಬೇಕಾಗುತ್ತಿತ್ತು. ಗೋಳವಲ್ಲದ, ಅಂಚಿಗೆ ಹೋದಂತೆ ಬಾಗು ಬದಲಾಗುವ ಮೈ ಇದ್ದರೆ ಒಂದೇ ಮಸೂರ ಸಾಕು. ಅಂಥ ಮೈಯನ್ನು ಒಂದೊಂದೇ ಕಾಜಿನ ಮೇಲೆ ಉಜ್ಜುವುದು ತ್ರಾಸದಾಯಕ, ದುಬಾರಿ. ಅಚ್ಚಿನಲ್ಲಾದರೆ ಆ ಕಷ್ಟದ ಆಕಾರವನ್ನು ಒಮ್ಮೆ ಕಡೆದರೆ ಸಾಕು. ಆಮೇಲೆ ಹುಟ್ಟುವ ಸಾವಿರಾರು ಮಸೂರಗಳಿಗೆ ಆ ಆಕಾರ ಪುಕ್ಕಟೆಯಾಗಿ ಬರುತ್ತದೆ. ಪ್ಲಾಸ್ಟಿಕ್ ಮಸೂರ ಅಗ್ಗವಾಗಿರುವುದು ಅದು ಕೀಳೆಂಬ ಕಾರಣಕ್ಕಲ್ಲ. ದುಬಾರಿಯಾದ ಕುಸುರಿ ಪೂರ್ತಿ ಅಚ್ಚಿನಲ್ಲೇ ಮುಗಿದುಹೋಗಿರುವುದಕ್ಕೆ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳ ಸಿಡಿ ಪ್ಲೇಯರ್ ಮಾರುಕಟ್ಟೆಗೆ ಬಂದಾಗ ಅದರ ಲೇಸರ್ ಕಿರಣವನ್ನು ಬಿಲ್ಲೆಯ ಮೇಲೆ ಕೂಡಿಸಲು ಹಲವು ಕಾಜಿನ ಮಸೂರ ಬೇಕಿದ್ದವು. ಸಿಡಿಯ ಮೇಲಿನ ಗೆರೆಗಳ ನಡುವಿನ ಅಂತರ ಬರೀ 1.6 ಮೈಕ್ರಾನ್, ಅಷ್ಟು ಕಿರಿದಾದ ಜಾಗದಲ್ಲಿ ಕಿರಣ ಕೂರಬೇಕು. ಕೆಲವೇ ವರ್ಷಗಳಲ್ಲಿ ಆ ಜಾಗಕ್ಕೆ ಅಚ್ಚಿನಲ್ಲಿ ಮಾಡಿದ ಒಂದೇ ಒಂದು ಪ್ಲಾಸ್ಟಿಕ್ ಮಸೂರ ಬಂತು. ಹಾಡಿನ ಸಿಡಿ, ಸಿನಿಮಾ ವಿಸಿಡಿ ಹಳ್ಳಿಹಳ್ಳಿಗೆ ತಲುಪುವಷ್ಟು ಪ್ಲೇಯರಿನ ಬೆಲೆ ಇಳಿದುದರಲ್ಲಿ ಆ ಮಸೂರದ ಪಾಲೂ ಇದೆ.

ಈಗ ಅದೇ ವಿದ್ಯೆ ಕಿಸೆಯೊಳಗಿದೆ. ಮೊಬೈಲಿನ ಹಿಂದಿನ ಒಂದು ಕ್ಯಾಮೆರಾದಲ್ಲಿ ಐದು, ಆರು, ಏಳು ಪ್ಲಾಸ್ಟಿಕ್ ಮಸೂರಗಳು ಕೆಲವೇ ಮಿಲಿಮೀಟರ್ ಎತ್ತರದಲ್ಲಿ ಒಂದರ ಮೇಲೊಂದು ಕೂತಿರುತ್ತವೆ. ಅವುಗಳಲ್ಲಿ ಕೆಲವಕ್ಕೆ ನಡುವೆ ತಗ್ಗು, ಸುತ್ತ ಉಬ್ಬು, ಮತ್ತೆ ಅಂಚಿಗೆ ಬಾಗು. ಕಾಜನ್ನು ಉಜ್ಜಿ ಇಂಥ ಆಕಾರ ಪಡೆಯುವುದು ಆಗದ ಮಾತು. ತೈವಾನಿನ ತೈಚುಂಗ್ ನಗರದಲ್ಲಿ 1987ರಲ್ಲಿ ಶುರುವಾದ ಲಾರ್ಗನ್ ಕಂಪನಿ ಇಂಥ ಮಸೂರಗಳಿಂದಲೇ ಜಗತ್ತಿನಲ್ಲಿ ಹೆಸರು ಮಾಡಿದೆ. ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಬೆಟ್ಟದ ಮುಂದೆ ನಿಂತು ಫೋಟೊ ತೆಗೆದುಕೊಳ್ಳುವ ಪ್ರತಿ ಯುವಕನ ಕೈಯಲ್ಲೂ ಒಂದಿಷ್ಟು ವಜ್ರದ ಕಡೆತದ ಫಲವಿದೆ.

ಪ್ಲಾಸ್ಟಿಕ್ಕಿನ ಕೊರತೆಗಳನ್ನೂ ಮುಚ್ಚಿಡಬೇಕಿಲ್ಲ. ಮೊದಲನೆಯದು ಒಳಗಿನ ಬಿಗಿತ. ಇದನ್ನು ಮನೆಯಲ್ಲೇ ನೋಡಬಹುದು. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ಶಾಲೆ ಮಕ್ಕಳ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲು ಹಿಡಿಯಿರಿ. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು, ತಲೆಯನ್ನು ಕೊಂಚ ಓರೆ ಮಾಡಿ ನೋಡಿ. ಬಣ್ಣವೇ ಇಲ್ಲದ ಸ್ಕೇಲಿನೊಳಗೆ ನೇರಳೆ, ಹಸಿರು, ಹಳದಿ ಪಟ್ಟೆಗಳು ಏಳುತ್ತವೆ. ಒಂದು ತುದಿಯಲ್ಲಿ ಅವು ಒತ್ತೊತ್ತಾಗಿ ನೆರೆದಿದ್ದರೆ, ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ನುಗ್ಗಿದ ಬಾಗಿಲು ಅದೇ ಎಂದು ಹೆಚ್ಚುಕಡಿಮೆ ಹೇಳಬಹುದು. ನುಗ್ಗಿದ ರಭಸಕ್ಕೆ ಅಣುಗಳು ಎಳೆದುಕೊಂಡು, ಹಾಗೇ ಆರಿ ನಿಂತ ಗುರುತು ಅದು. ಸ್ಕೇಲಿಗೆ ಇದರಿಂದ ನಷ್ಟವಿಲ್ಲ. ಮಸೂರದಲ್ಲಿ ಮಾತ್ರ ಬೆಳಕು ಒಡೆದು ಚಿತ್ರದ ಚೂಪು ಹೋಗುತ್ತದೆ. ಕಾರ್ಖಾನೆಗಳಲ್ಲೂ ಮಸೂರವನ್ನು ಪರೀಕ್ಷಿಸುವುದು ಇದೇ ತತ್ವದಿಂದ.

ಎರಡನೆಯದು ಬಿಸಿಲು. ಬೇಸಿಗೆಯಲ್ಲಿ ನಮ್ಮಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಮಾಮೂಲು. ಅಕ್ರಿಲಿಕ್ ಬಿಸಿಗೆ ಕಾಜಿಗಿಂತ ಸುಮಾರು ಹತ್ತು ಪಟ್ಟು ಹಿಗ್ಗುತ್ತದೆ. ಮಸೂರದ ಮೇಲೆ ಪ್ರತಿಫಲನ ತಡೆಯಲು ಕೊಟ್ಟ ಲೇಪ ಅಷ್ಟು ಹಿಗ್ಗುವುದಿಲ್ಲ. ಒಳಗಿನದು ಹಿಗ್ಗಿ, ಮೇಲಿನದು ಹಿಗ್ಗದೆ, ಲೇಪ ಜೇಡರ ಬಲೆಯಂತೆ ಬಿರಿಯುತ್ತದೆ. ಚಸ್ಮಾವನ್ನು ಕಾರಿನ ಗಾಜಿನ ಹಿಂದೆ, ಬೈಕಿನ ಟ್ಯಾಂಕಿನ ಮೇಲೆ, ಒಲೆಯ ಪಕ್ಕ ಇಡಬಾರದು ಎನ್ನುವುದು ಇದಕ್ಕೇ.

ಮೂರನೆಯದು ಗೀರು. ಕಾಜಿಗಿಂತ ಪ್ಲಾಸ್ಟಿಕ್ ಮೆತ್ತಗೆ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ಹೊಲದ ದೂಳಿನಲ್ಲಿ ಮಣ್ಣಿನ ಗಟ್ಟಿ ಕಣಗಳಿರುತ್ತವೆ. ದೂಳು ಕೂತ ಮಸೂರವನ್ನು ಒಣ ಟವೆಲಿನಿಂದಲೋ ಸೀರೆಯ ಸೆರಗಿನಿಂದಲೋ ಒರೆಸಿದರೆ ಆ ಕಣಗಳೇ ಉಳಿಯಾಗಿ ಮಸೂರವನ್ನು ಗೀರುತ್ತವೆ. ಮೊದಲು ನೀರು ಬಿಟ್ಟು ದೂಳು ಇಳಿಸಿ, ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಅದೇ ಚಸ್ಮಾ ಹೆಚ್ಚು ವರ್ಷ ಬಾಳುತ್ತದೆ. ಕೊಳ್ಳುವಾಗ ಗೀರು ತಡೆಯುವ ಲೇಪ ಇದೆಯೇ ಎಂದು ಕೇಳುವುದೂ ಒಳ್ಳೆಯದು.

ಪ್ಲಾಸ್ಟಿಕ್ ಮಸೂರದ ಕಥೆಯ ದೊಡ್ಡ ಅಧ್ಯಾಯ ನಡೆದಿರುವುದು ಮಾತ್ರ ಕಣ್ಣಿನ ಹೊರಗಲ್ಲ, ಒಳಗೆ.

ಉತ್ತರ ಕರ್ನಾಟಕದ ಹಿರಿಯರಿಗೆ ಡಾ. ಎಂ.ಸಿ. ಮೋದಿ ಅವರ ಹೆಸರು ಮರೆಯುವಂಥದ್ದಲ್ಲ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಶಿಬಿರ ಹಾಕಿ, ಕಣ್ಣಿನ ಪೊರೆ ತೆಗೆದು, ಲಕ್ಷಾಂತರ ಬಡವರಿಗೆ ನೋಟ ಕೊಟ್ಟರು. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಅವರ ಶಿಬಿರಗಳು ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ ಪೊರೆ ತೆಗೆಯುವುದೆಂದರೆ ಕಣ್ಣಿನ ಸಹಜ ಮಸೂರವನ್ನೇ ತೆಗೆಯುವುದು. ಅದರ ಬದಲಿಗೆ ಒಳಗೆ ಇಡಲು ಆಗ ಜನಸಾಮಾನ್ಯರ ಕೈಗೆಟುಕುವಂಥದ್ದು ಏನೂ ಇರಲಿಲ್ಲ. ಹಾಗಾಗಿ +10ರ ಆಸುಪಾಸಿನ ದಪ್ಪ ಚಸ್ಮಾ ಕೊಡುತ್ತಿದ್ದರು. ಹುಡುಗರು ಸೋಡಾಬುಡ್ಡಿ ಎಂದು ಕರೆಯುತ್ತಿದ್ದುದು ಅದನ್ನೇ. ಆ ಚಸ್ಮಾದಲ್ಲಿ ಎಲ್ಲವೂ ಕಾಲು ಪಾಲಿಗೂ ಹೆಚ್ಚು ದೊಡ್ಡದಾಗಿ ಕಾಣುತ್ತಿತ್ತು. ಮೆಟ್ಟಿಲಿನ ಅಂದಾಜು ತಪ್ಪುತ್ತಿತ್ತು. ಪಕ್ಕದಿಂದ ಬಂದ ಎತ್ತು ಕಾಣದೆ, ಒಮ್ಮೆಗೇ ಎದುರು ಬಂದು ನಿಂತಂತೆ ಆಗುತ್ತಿತ್ತು. ಒಂದೇ ಕಣ್ಣಿನ ಆಪರೇಷನ್ ಆಗಿದ್ದರೆ ಎರಡು ಕಣ್ಣಿನ ಚಿತ್ರಗಳ ಗಾತ್ರ ಬೇರೆಯಾಗಿ ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಚಸ್ಮಾ ಒಡೆದರಂತೂ ಹೊಸದು ಬರುವ ತನಕ ಕುರುಡೇ.

ಇದಕ್ಕೆ ಉತ್ತರ ಹುಟ್ಟಿದ್ದು ಯುದ್ಧ ವಿಮಾನದ ಗಾಜಿನಿಂದ. ಬ್ರಿಟಿಷ್ ಯುದ್ಧ ವಿಮಾನಗಳ ಪೈಲಟ್ ಕೂರುವ ಜಾಗಕ್ಕೆ ಅಕ್ರಿಲಿಕ್ ಮುಚ್ಚಳ ಇರುತ್ತಿತ್ತು. ಗುಂಡು ಬಿದ್ದು ಅದು ಚೂರಾದಾಗ ಪೈಲಟ್‌ಗಳ ಕಣ್ಣಿನೊಳಗೆ ಅಕ್ರಿಲಿಕ್ ಚೂರುಗಳು ಹೊಕ್ಕಿದ್ದವು. ಕಣ್ಣು ಆ ಚೂರುಗಳನ್ನು ತಿರಸ್ಕರಿಸದೆ ಒಳಗೇ ಇರಗೊಟ್ಟಿತ್ತು. ಇದನ್ನು ಗಮನಿಸಿದ ಲಂಡನ್ನಿನ ನೇತ್ರ ವೈದ್ಯ ಹೆರಾಲ್ಡ್ ರಿಡ್ಲಿ, ಅಕ್ರಿಲಿಕ್ಕಿನ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯೊಬ್ಬರ ಕಣ್ಣಿನೊಳಗೆ ಇಟ್ಟರು. ಮಸೂರ ತಯಾರಿಸಿಕೊಟ್ಟದ್ದು ರೇನರ್ ಕಂಪನಿ. ಸಮಕಾಲೀನ ವೈದ್ಯರಲ್ಲಿ ಅನೇಕರು ಬಹುಕಾಲ ವಿರೋಧಿಸಿದರು. ಕೊನೆಗೆ ಲೋಕ ಒಪ್ಪಿತು. 2000ದಲ್ಲಿ ರಿಡ್ಲಿ ಅವರಿಗೆ ನೈಟ್ ಪದವಿ ಬಂತು.

ಇವತ್ತು ಕಣ್ಣಿನೊಳಗೆ ಇಡುವ ಮಸೂರದ ಅಗಲ ಸುಮಾರು 6 ಮಿಲಿಮೀಟರ್. ಎರಡು ಬದಿಗೆ ಕೂದಲಿನಂಥ ಕೊಕ್ಕೆಗಳಿದ್ದು, ಅವು ಅದನ್ನು ಜಾಗದಲ್ಲಿ ಹಿಡಿದಿಡುತ್ತವೆ. ತೂಕ ಕೆಲವು ಮಿಲಿಗ್ರಾಂಗಳಷ್ಟೇ. ಇದನ್ನು ತಯಾರಿಸಲು ಎರಡೂ ದಾರಿ ಚಾಲ್ತಿಯಲ್ಲಿವೆ. ಗಡಸು ಅಕ್ರಿಲಿಕ್ ಮಸೂರವನ್ನು ಹೆಚ್ಚಾಗಿ ವಜ್ರದ ಉಳಿಯಿಂದ ಒಂದೊಂದಾಗಿ ಕಡೆದು, ಗಾಜಿನ ಮಣಿಗಳ ಜೊತೆ ಪೀಪಾಯಿಯಲ್ಲಿ ದಿನಗಟ್ಟಲೆ ಉರುಳಿಸಿ ನುಣುಪು ಮಾಡುತ್ತಾರೆ. ಮಡಚಿ ಒಳಸೇರಿಸುವ ಮೆದು ಮಸೂರಗಳಲ್ಲಿ ಕೆಲವನ್ನು ಅಚ್ಚಿನಲ್ಲೇ ಎರಕ ಹೊಯ್ಯುತ್ತಾರೆ. ಮಡಚುವ ಮಸೂರ ಮೂರು ಮಿಲಿಮೀಟರಿಗೂ ಕಿರಿದಾದ ಗಾಯದಲ್ಲಿ ಒಳಗೆ ಹೋಗಿ ಅರಳಿಕೊಳ್ಳುತ್ತದೆ.

ಮೊದಮೊದಲು ಇವೆಲ್ಲ ವಿದೇಶದಿಂದ ಬರಬೇಕಿತ್ತು. ಒಂದಕ್ಕೆ ನೂರು ಡಾಲರ್ ಆಸುಪಾಸು ಬೆಲೆ. ಶಿಬಿರಕ್ಕೆ ಬರುವ ಬಡವರಿಗೆ ಸೋಡಾಬುಡ್ಡಿಯೇ ಗತಿ. ಮದುರೈನಲ್ಲಿ ಡಾ. ಜಿ. ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ್ದ ಅರವಿಂದ ಕಣ್ಣಿನ ಆಸ್ಪತ್ರೆ ಬಳಗ, 1992ರಲ್ಲಿ ಆರೋಲ್ಯಾಬ್ ಎಂಬ ತನ್ನದೇ ಕಾರ್ಖಾನೆ ತೆರೆಯಿತು. ಮಸೂರದ ಬೆಲೆ ಹತ್ತು ಡಾಲರ್‌ಗೆ ಬಂತು, ಆಮೇಲೆ ಇನ್ನೂ ಇಳಿಯಿತು. ಈಗ ಆ ಮಸೂರಗಳು ನೂರಕ್ಕೂ ಹೆಚ್ಚು ದೇಶಗಳಿಗೆ ಹೋಗುತ್ತವೆ. ಆರೋಲ್ಯಾಬ್‌ನಲ್ಲಿ ದುಡಿಯುವವರಲ್ಲಿ ಬಹುಪಾಲು ಮದುರೈ ಸುತ್ತಲಿನ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಶಾಲೆ ಮುಗಿಸಿ ಬಂದವರಿಗೆ ಸಂಸ್ಥೆಯೇ ತರಬೇತಿ ಕೊಟ್ಟು, ಸೂಕ್ಷ್ಮದರ್ಶಕದಡಿ ಮೈಕ್ರಾನ್ ಅಳೆಯುವ ಕೈಗಳನ್ನಾಗಿ ಮಾಡಿದೆ.

ಕೇಂದ್ರ ಸರ್ಕಾರ 2015ರಿಂದ 2019ರ ನಡುವೆ ನಡೆಸಿದ ಅಂಧತ್ವ ಸಮೀಕ್ಷೆಯಲ್ಲಿ, 50 ವರ್ಷ ದಾಟಿದವರ ಕುರುಡುತನಕ್ಕೆ ಮೂರರಲ್ಲಿ ಎರಡು ಪಾಲು ಕಾರಣ ಪೊರೆಯೇ ಎಂದು ತಿಳಿದುಬಂತು. ಅಂದರೆ ಬಹುಪಾಲು ಕುರುಡು ಇಂದಿಗೂ ಒಂದು ಪುಟ್ಟ ಮಸೂರದಿಂದ ಹೋಗುವಂಥದ್ದು. ರಾಜ್ಯ ಸರ್ಕಾರದ ಆಶಾಕಿರಣ ಯೋಜನೆ ಮನೆಮನೆಗೆ ಹೋಗಿ ಕಣ್ಣು ತಪಾಸಿಸಿ ಕನ್ನಡಕ ಕೊಡುವ ಕೆಲಸಕ್ಕೆ ಇಳಿದಿರುವುದೂ ಇಂಥದ್ದೇ ಅಗತ್ಯಕ್ಕಾಗಿ. ಮನೆಯಲ್ಲಿ ಅಜ್ಜಿಗೆ ಸಂಜೆಯಾದರೆ ಮಬ್ಬು ಎನಿಸಿದರೆ, ವಯಸ್ಸಾಯಿತು ಬಿಡು ಎನ್ನದೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು. ಒಳಗೆ ಕೂರಿಸುವ ಮಸೂರ ಪ್ಲಾಸ್ಟಿಕ್ಕಿನದು ಎಂದು ಹೆದರಬೇಕಿಲ್ಲ. ಎಪ್ಪತ್ತು ವರ್ಷ ದಾಟಿದ ಪರೀಕ್ಷೆಯಲ್ಲಿ ಗೆದ್ದ ವಸ್ತು ಅದು.

ಮದುರೈ ಹಳ್ಳಿಯ ಹೆಣ್ಣುಮಕ್ಕಳಿಗೆ ಒಲಿದ ವಿದ್ಯೆ ಯಾದಗಿರಿಯ ಹೆಣ್ಣುಮಕ್ಕಳಿಗೆ ಒಲಿಯದೆ?

ಕರ್ನಾಟಕಕ್ಕೆ ಯಂತ್ರದ ವಿದ್ಯೆ ಹೊಸದಲ್ಲ. 1953ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ನೆಲೆಗೊಂಡಿತು. 1962ರಲ್ಲಿ ಆರಂಭವಾದ ಸಿಎಂಟಿಐ ಸಂಸ್ಥೆ ವಜ್ರದಿಂದ ನ್ಯಾನೊಮೀಟರ್ ನುಣುಪಿಗೆ ಕಡೆಯುವ ಯಂತ್ರವನ್ನು ಇಲ್ಲೇ ರೂಪಿಸಿದೆ. ಚಿಕ್ಕಬಳ್ಳಾಪುರದಲ್ಲಿ ಟೈಟಾನ್ ಕಂಪನಿಯ ಚಸ್ಮಾ ಮಸೂರದ ಘಟಕವಿದೆ. ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಿಪೆಟ್ ಮೈಸೂರಿನಲ್ಲಿದೆ. ಎಲ್ಲವೂ ದಕ್ಷಿಣದಲ್ಲೇ. 2009ರ ಡಿಸೆಂಬರ್‌ನಲ್ಲಿ ಹುಟ್ಟಿದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.83, ರಾಜ್ಯದಲ್ಲೇ ಎಲ್ಲಕ್ಕಿಂತ ಕೆಳಗೆ. ಸುರಪುರ, ಶಹಾಪುರದ ಹಳ್ಳಿಗಳಿಂದ ಗುಳೇ ಹೊರಟವರು ಬೆಂಗಳೂರಿನಲ್ಲಿ ಕಾಂಕ್ರೀಟ್ ಹೊರುತ್ತಿದ್ದಾರೆ. ಹಾಗೆಂದು ಇಲ್ಲಿಯವರ ಕೈಗೆ ಸೂಕ್ಷ್ಮ ಕೆಲಸ ಬಾರದೆಂದಲ್ಲ. ಕೂದಲೆಳೆಯ ಕುಂಚದಿಂದ ಸುರಪುರದ ಗರುಡಾದ್ರಿ ಮನೆತನದ ಕಲಾವಿದರು ಬರೆದ ಚಿತ್ರಗಳು ಅದಕ್ಕೆ ಸಾಕ್ಷಿ. ಇಲ್ಲಿ ಕಡಿಮೆ ಬಿದ್ದಿರುವುದು ಕೈಚಳಕವಲ್ಲ, ಕಲಿಕೆಯ ಅವಕಾಶ.

ಅವಕಾಶದ ಒಂದು ಬಾಗಿಲು ಆಗಲೇ ಹತ್ತಿರದಲ್ಲಿದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಕಲಬುರಗಿಯಲ್ಲೂ ಲಿಂಗಸುಗೂರಿನಲ್ಲೂ ಕಲಿಸುತ್ತಿದೆ. ಲಿಂಗಸುಗೂರು ಸುರಪುರದವರಿಗೆ ಕೃಷ್ಣಾ ನದಿ ದಾಟಿದರೆ ಆಯಿತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಸೇರಬಹುದು. ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಮೈಕ್ರಾನ್ ಎಂಬ ಅಳತೆಯ ಮೇಲೆ ಕೈ ಕೂರುವುದು ಇಂಥ ಕಡೆ. ಬಕೆಟ್ಟಿನ ಅಚ್ಚಿನಿಂದ ಮಸೂರದ ಅಚ್ಚಿನವರೆಗಿನ ದಾರಿಗೆ ಮೊದಲ ಮೆಟ್ಟಿಲು ಅದೇ.

ನಮ್ಮ ಜಿಲ್ಲೆಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ರೈತರು ಸಾವಿರಾರು ಎಕರೆ ಜಮೀನು ಬಿಟ್ಟುಕೊಟ್ಟಿದ್ದಾರೆ. ರೈಲ್ವೆ ಬೋಗಿ ಘಟಕ ಬಂದಿದೆ, ಔಷಧ ರಾಸಾಯನಿಕದ ಘಟಕಗಳೂ ಬಂದಿವೆ. ಸುತ್ತಲಿನ ಹಳ್ಳಿಗಳ ಗಾಳಿ, ನೀರಿಗೆ ಹೊರೆಯಾಗದ, ಊರ ಮಕ್ಕಳಿಗೆ ಕಸುಬು ಕೊಡುವ ಉದ್ಯಮಕ್ಕೂ ಅಲ್ಲಿ ಜಾಗ ಇರಬೇಕು. ಅಚ್ಚು ಮಾಡುವ ಘಟಕ ಅಂಥದ್ದು. ಅದಕ್ಕೆ ಬೇಕಾದ ದೊಡ್ಡ ಬಂಡವಾಳವೆಂದರೆ ಪಳಗಿದ ಕೈಗಳು.

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಜಿಲ್ಲೆಯ ಜನಪ್ರತಿನಿಧಿಗಳೂ ಒಂದು ಕೆಲಸ ಮಾಡಬೇಕು. ರಸ್ತೆ, ಭವನಗಳಿಗೆ ಕೊಡುವ ಹಣದಲ್ಲಿ ಒಂದು ಪಾಲು ತೆಗೆದು, ಕಡೇಚೂರಿನಲ್ಲಿ ಸೂಕ್ಷ್ಮ ಅಚ್ಚು ತಯಾರಿಕೆಯ ತರಬೇತಿ ವಿಭಾಗ ತೆರೆಯಬೇಕು. ಅದರಲ್ಲಿ ಹೆಣ್ಣುಮಕ್ಕಳಿಗೆ ವಸತಿ ನಿಲಯ ಇರಬೇಕು. ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸುವ ಮಕ್ಕಳ ಪಾಲಕರು ಅಷ್ಟು ದಿನ ಕಾಯಬೇಕಾಗಿಲ್ಲ. ಫಲಿತಾಂಶ ಬಂದ ವಾರದಲ್ಲೇ ಲಿಂಗಸುಗೂರು ಅಥವಾ ಕಲಬುರಗಿಯ ಜಿಟಿಟಿಸಿಗೆ ಹೋಗಿ ಪ್ರವೇಶದ ಅರ್ಜಿ ವಿಚಾರಿಸಿ. ಮಗಳನ್ನೂ ಜೊತೆಗೆ ಕರೆದುಕೊಂಡು ಹೋಗಿ.